ಹದಿನಾಲ್ಕು ತುಂಬಿದ ಮೇಲೆ: ಕೊಡಗಿನ ಕ್ರೈಸ್ತ ಮನೆಗಳಲ್ಲಿ ಹೈಸ್ಕೂಲು

"ಮಗಳು ಮನೆಯಲ್ಲೇ ಓದ್ತಾಳೆ" ಎಂದರೆ ನಮ್ಮ ಕಡೆ ಮೊದಲು ಬರುವ ಪ್ರಶ್ನೆ "ಯಾಕೆ, ಹುಷಾರಿಲ್ವಾ?" ಆಮೇಲೆ ದನಿ ತಗ್ಗಿಸಿ "ಫೇಲಾದಳಾ?" ಎನ್ನುತ್ತಾರೆ. ಕೇಳುವವರ ತಪ್ಪೇನಲ್ಲ. ಕನ್ನಡದಲ್ಲಿ ಇದಕ್ಕೊಂದು ಸರಿಯಾದ ಹೆಸರೇ ಇಲ್ಲ. ಮನೆಪಾಠ ಎಂದರೆ ಟ್ಯೂಷನ್. ಮನೆಶಾಲೆ ಎಂದರೆ ಯಾರದೋ ವರಾಂಡದಲ್ಲಿ ನಡೆಯುವ ಅಂಗನವಾಡಿ ಅಂದುಕೊಳ್ಳುತ್ತಾರೆ. ಕೊನೆಗೆ ಹೋಂಸ್ಕೂಲಿಂಗ್ ಅಂತಲೇ ಹೇಳಬೇಕಾಗುತ್ತದೆ.

ಕೊಡಗಿನಲ್ಲಿ ಈ ಆಶ್ಚರ್ಯ ಇನ್ನೂ ಜಾಸ್ತಿ. ಮಗುವನ್ನು ದೂರ ಕಳಿಸುವುದು ಇಲ್ಲಿ ಮಾಮೂಲು. ಐದನೇ ಕ್ಲಾಸಿಗೇ ಟ್ರಂಕು ಹೊರಿಸಿ ಊಟಿಗೋ ಮೈಸೂರಿಗೋ ಬೆಂಗಳೂರಿಗೋ ಬಿಟ್ಟು ಬಂದರೆ ಯಾರೂ ಏನೂ ಕೇಳುವುದಿಲ್ಲ. ಮನೆಯಲ್ಲೇ ಇಟ್ಟುಕೊಂಡರೆ ಎಲ್ಲರೂ ಕೇಳುತ್ತಾರೆ. ಅದೂ ಕ್ರೈಸ್ತರ ಮನೆಯಾದರೆ ಇನ್ನೊಂದು ಮಾತು ಸೇರುತ್ತದೆ: "ಊರಿಗೆಲ್ಲಾ ಶಾಲೆ ಕಟ್ಟಿಸಿದವರು ನೀವೇ ಅಲ್ವಾ?"

ಆ ಮಾತು ನಿಜ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ಯಾಥೊಲಿಕರಿಗೆ ದೊಡ್ಡ ವೀರರಾಜೇಂದ್ರ ಅರಸರು ವಿರಾಜಪೇಟೆಯಲ್ಲಿ ಜಾಗ ಕೊಟ್ಟರು. ಅಲ್ಲಿನ ಸಂತ ಅನ್ನಮ್ಮ ಚರ್ಚಿನ ಕಥೆ 1792ರಿಂದ ಶುರುವಾಗುತ್ತದೆ. 1853ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದರು. 'ಮಂಗಳೂರು ಸಮಾಚಾರ' ಪತ್ರಿಕೆ ಹೊರಡಿಸಿದ್ದು ಇದೇ ಮೋಗ್ಲಿಂಗ್. ಅದೇ ಮಿಷನ್ನಿನ ರಿಕ್ಟರ್ ಮಡಿಕೇರಿಯಲ್ಲಿ ಶಾಲೆ ನಡೆಸಿದರು, ಜಿಲ್ಲೆಯ ಶಾಲೆಗಳ ಉಸ್ತುವಾರಿ ನೋಡಿದರು, 1870ರಲ್ಲಿ ಕೊಡಗಿನ ಮೇಲೆ ದೊಡ್ಡ ಪುಸ್ತಕವನ್ನೂ ಬರೆದರು. ಆಮೇಲೆ ಕಾನ್ವೆಂಟುಗಳು ಬಂದವು, ಕೇರಳದಿಂದ ಬಂದು ನೆಲೆಸಿದವರ ಚರ್ಚುಗಳು ಬಂದವು, 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಈ ನೂರಾರು ವರ್ಷಗಳಲ್ಲಿ ಚರ್ಚಿನ ಪಕ್ಕ ಶಾಲೆ ಇರುವುದು ಗಂಟೆಗೋಪುರ ಇದ್ದಷ್ಟೇ ಸಹಜವಾಯಿತು.

ಮನೆಯಲ್ಲೇ ಕಲಿಸುವ ಯೋಚನೆ ಈಗಿನ ರೂಪದಲ್ಲಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 1852ರಲ್ಲಿ ಮ್ಯಾಸಚೂಸೆಟ್ಸ್ ಶಾಲೆಯನ್ನು ಕಡ್ಡಾಯ ಮಾಡಿತು. 1918ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಅದೇ ಆಯಿತು. 1972ರಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಗಡದ ಪೋಷಕರು ಎಂಟನೇ ತರಗತಿಯ ನಂತರ ಮಕ್ಕಳನ್ನು ಹೈಸ್ಕೂಲಿಗೆ ಕಳಿಸುವುದಿಲ್ಲ ಎಂದಾಗ ಅಲ್ಲಿನ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. 1977ರಲ್ಲಿ ಜಾನ್ ಹೋಲ್ಟ್ ಎಂಬ ಶಿಕ್ಷಣ ಚಿಂತಕರು ಇದಕ್ಕೆಂದೇ ಒಂದು ಪತ್ರಿಕೆ ಶುರು ಮಾಡಿದರು. ಅವರ ಕಾರಣ ಧರ್ಮವಲ್ಲ, ಶಾಲೆ ಮಕ್ಕಳ ಕುತೂಹಲವನ್ನು ಕೊಲ್ಲುತ್ತದೆ ಎಂಬುದು. ಎಂಬತ್ತರ ದಶಕದಲ್ಲಿ ಕ್ರೈಸ್ತ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಸೇರಿದವು. 1993ರ ಹೊತ್ತಿಗೆ 50 ರಾಜ್ಯಗಳಲ್ಲೂ ಅದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ಜರ್ಮನಿಯಲ್ಲಿ ಇವತ್ತಿಗೂ ಒಪ್ಪಿಗೆಯಿಲ್ಲ. ಒಂದೇ ಬೈಬಲ್ ಓದುವ ಎರಡು ದೇಶಗಳು ಎರಡು ದಾರಿ ಹಿಡಿದವು.

ಮನೆಯಲ್ಲೇ ಕಲಿಸುವ ಕ್ರೈಸ್ತ ಕುಟುಂಬಗಳು ಆಧಾರವಾಗಿ ಹೇಳುವ ವಚನ ಬೈಬಲಿನ ಧರ್ಮೋಪದೇಶಕಾಂಡ 6ನೇ ಅಧ್ಯಾಯದ್ದು. ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಜೊತೆ ದೇವರ ಮಾತು ಆಡುತ್ತಿರಿ ಎನ್ನುತ್ತದೆ ಅದು. ಅದರಲ್ಲಿ ಶಾಲೆ ಬೇಡ ಎಂದಿಲ್ಲ. ಮಕ್ಕಳ ಜೊತೆ ಇರಿ ಎಂದಿದೆ, ಅಷ್ಟೇ. ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿ ಸಂಜೆ ಐದೂವರೆಗೆ ಇಳಿದು, ಮತ್ತೆ ಟ್ಯೂಷನ್ನಿಗೆ ಓಡುವ ಹದಿನಾಲ್ಕರ ಮಗುವಿನ ಜೊತೆ ಇರುವುದು ಯಾವಾಗ ಎಂಬುದೇ ನಮ್ಮಂಥವರ ಪ್ರಶ್ನೆಯಾಗಿತ್ತು.

ನಮ್ಮ ದೇಶದ ಕಾನೂನು ಇದರ ಬಗ್ಗೆ ಏನು ಹೇಳುತ್ತದೆ? ಗೋಜಲು ಇರುವುದು ಇಲ್ಲೇ. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡುತ್ತದೆ. ಕಡ್ಡಾಯ ಯಾರಿಗೆ? ಶಾಲೆ ಒದಗಿಸುವ ಹೊಣೆ ಸರ್ಕಾರದ್ದು ಎಂದು ಒಂದು ಓದು. ಮಗುವನ್ನು ಸೇರಿಸುವ ಕರ್ತವ್ಯ ಪೋಷಕರದ್ದು ಎಂದು ಇನ್ನೊಂದು ಓದು. ಎರಡಕ್ಕೂ ಕಾಯ್ದೆಯಲ್ಲಿ ಆಧಾರ ಸಿಗುತ್ತದೆ. 2012ರಲ್ಲಿ ಕಾಯ್ದೆ ತಿದ್ದಿದಾಗ ತೀವ್ರ ಅಂಗವೈಕಲ್ಯ ಇರುವ ಮಕ್ಕಳು ಮನೆಯಲ್ಲೇ ಕಲಿಯಬಹುದು ಎಂದು ಬರೆದರು. ಉಳಿದ ಮಕ್ಕಳ ಬಗ್ಗೆ ಹೌದು ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಬರುವವರಿಗೂ ಇಂಥ ಮನೆಯ ಮಗುವನ್ನು ಯಾವ ಕಾಲಂನಲ್ಲಿ ಬರೆಯುವುದು ಎಂಬ ಗೊಂದಲ. ಹೊರಗುಳಿದ ಮಗು ಎಂದು ಬರೆದರೆ ತಾಯಿಗೆ ನೋವಾಗುತ್ತದೆ. ಬರೆಯದಿದ್ದರೆ ಅವರ ಲೆಕ್ಕ ತಪ್ಪುತ್ತದೆ.

ಹದಿನಾಲ್ಕು ತುಂಬಿದರೆ ಈ ಕಾಯ್ದೆಯ ಮಾತು ಮುಗಿಯಿತು. ಅದೇ ವಯಸ್ಸಿಗೆ ಇನ್ನೊಂದು ಬಾಗಿಲು ತೆರೆಯುತ್ತದೆ. 1979ರಲ್ಲಿ ಸಿಬಿಎಸ್‌ಇಯ ಒಂದು ಯೋಜನೆಯಾಗಿ ಶುರುವಾಗಿ, 1989ರಲ್ಲಿ ಪ್ರತ್ಯೇಕ ಸಂಸ್ಥೆಯಾಗಿ, 2002ರಲ್ಲಿ ಈಗಿನ ಹೆಸರು ಪಡೆದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್. ಹತ್ತನೇ ತರಗತಿಗೆ ಸೇರಲು ಅಲ್ಲಿ ಕನಿಷ್ಠ 14 ವರ್ಷ ಆಗಿರಬೇಕು. ಐದು ವಿಷಯ ಪಾಸಾದರೆ ಸಾಕು. ನೋಂದಣಿ ಐದು ವರ್ಷ ನಡೆಯುತ್ತದೆ, ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು. ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಈ ಹೊಂದಿಕೆಯಿಂದಲೇ ಎಷ್ಟೋ ಪೋಷಕರು ಎಂಟರವರೆಗೆ ಶಾಲೆ, ಒಂಬತ್ತರಿಂದ ಮನೆ ಎಂಬ ದಾರಿ ಹಿಡಿದರು. ನಾವೂ ಅವರಲ್ಲಿ ಒಬ್ಬರು.

ನಮ್ಮ ಮೊದಲ ವರ್ಷದ ಬಗ್ಗೆ ಸ್ವಲ್ಪ ಹೇಳಬೇಕು. ಹೊಸದಾಗಿ ಶುರು ಮಾಡುವ ಹೆಚ್ಚಿನವರು ಎಡವುವುದು ಅಲ್ಲೇ. ಜೂನ್‌ನಲ್ಲಿ ನಾನು ಗೋಡೆಗೆ ಟೈಂಟೇಬಲ್ ಅಂಟಿಸಿದೆ. ಎಂಟಕ್ಕೆ ಪ್ರಾರ್ಥನೆ, ಎಂಟೂವರೆಗೆ ಗಣಿತ, ಹೀಗೆ ಮೂರು ಗಂಟೆವರೆಗೆ. ಶಾಲೆಯನ್ನೇ ಹೊತ್ತು ತಂದು ಹಾಲ್‌ನಲ್ಲಿ ಇಳಿಸಿದ್ದೆ. ಜುಲೈ ಬಂತು. ಆರು ದಿನ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಒಣಗದ ಬಟ್ಟೆ ಒಲೆ ಮೇಲೆ. ಮಗಳು ಮತ್ತು ನಾನು ದಿನಕ್ಕೊಂದು ಜಗಳ. ಒಂದು ರಾತ್ರಿ ಅವಳು, "ಅಮ್ಮಾ, ಶಾಲೆಯಲ್ಲಾದ್ರೆ ಟೀಚರ್ ಸಂಜೆ ಮನೆಗೆ ಹೋಗ್ತಾರೆ" ಅಂದಳು. ಮಾರನೇ ದಿನ ಟೈಂಟೇಬಲ್ ಕಿತ್ತು ಹಾಕಿದೆ.

ಆಮೇಲೆ ಉಳಿದದ್ದು ಎರಡೇ ನಿಯಮ. ಬೆಳಿಗ್ಗೆ ಕಾಫಿ ಆದ ಮೇಲೆ ಎಲ್ಲರೂ ಕೂತು ಒಂದು ಅಧ್ಯಾಯ ಓದುವುದು. ವಾರದ ಪಾಠ ಎಷ್ಟೆಂದು ಭಾನುವಾರ ಸಂಜೆ ಅವಳೇ ಕ್ಯಾಲೆಂಡರಿನಲ್ಲಿ ಬರೆಯುವುದು. ಹತ್ತರ ಮಗುವಿಗೆ ಕಲಿಸುವುದು ಬೇರೆ, ಹದಿನೈದರ ಮಗುವಿನ ಜೊತೆ ಓದುವುದು ಬೇರೆ. ಹೈಸ್ಕೂಲಿನಲ್ಲಿ ಅಪ್ಪ ಅಮ್ಮ ಎಲ್ಲವನ್ನೂ ಕಲಿಸಬೇಕಾಗಿಲ್ಲ, ಕಲಿಸಲು ಬರುವುದೂ ಇಲ್ಲ. ಗಣಿತ ನನ್ನ ಕೈ ಮೀರಿತು. ನಿವೃತ್ತ ಮೇಷ್ಟ್ರೊಬ್ಬರು ವಾರಕ್ಕೆ ಎರಡು ದಿನ ಹೇಳಿಕೊಟ್ಟರು. ಶೇಕಡಾ ಲೆಕ್ಕವನ್ನು ಮಾತ್ರ ಅವಳು ಕಲಿತದ್ದು ನಮ್ಮ ಕಣದಲ್ಲೇ. 50 ಕೆ.ಜಿ. ಒಣ ರೊಬಸ್ಟಾ ಕಾಫಿ ಚೆರ್ರಿಗೆ ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜ, 26 ಕೆ.ಜಿ. ಬಂದರೆ ಶೇಕಡಾ 52 ಎಂದು ವ್ಯಾಪಾರಿಗಿಂತ ಮೊದಲೇ ಹೇಳುತ್ತಿದ್ದಳು. ಅವಳ ತಾತ ದಿನಾ ಮಳೆ ಅಳೆದು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟ ಹಳೇ ನೋಟ್‌ಬುಕ್ಕುಗಳಿದ್ದವು. ಸರಾಸರಿ, ಗ್ರಾಫ್ ಎಲ್ಲ ಅದರಿಂದಲೇ. 2018ರ ಆಗಸ್ಟ್ ಪುಟಕ್ಕೆ ಬಂದಾಗ ಅವಳು ಸ್ವಲ್ಪ ಹೊತ್ತು ಬರೆಯುವುದು ನಿಲ್ಲಿಸಿದಳು. ಆ ತಿಂಗಳ ಭೂಕುಸಿತದಲ್ಲಿ ಮನೆ ಕಳೆದುಕೊಂಡವರು ನಮ್ಮ ಪರಿಚಯದಲ್ಲೂ ಇದ್ದಾರೆ.

ಕ್ರೈಸ್ತ ಮನೆ ಎಂದರೆ ವಿಜ್ಞಾನದ ಪುಸ್ತಕದಲ್ಲಿ ವಿಕಾಸವಾದದ ಪಾಠ ಬಂದಾಗ ಏನು ಮಾಡ್ತೀರಿ ಎಂದು ಕೇಳುವವರಿದ್ದಾರೆ. ಪುಟ ಹಾರಿಸುವ ಮನೆಗಳೂ ಇವೆ. ಶಾಲೆಯ ಪುಸ್ತಕದಿಂದಲೂ ಆ ಪಾಠ ಹಾರಿಹೋಗಿದೆ. ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಈಗ ಅದಿಲ್ಲ. ನಾವು ಪೂರ್ತಿ ಓದಿದೆವು. ಸೃಷ್ಟಿಯ ಕಥೆ ಹೇಳುವ ಬೈಬಲಿನ ಆದಿಕಾಂಡವನ್ನೂ ಪಕ್ಕದಲ್ಲಿಟ್ಟುಕೊಂಡು ಮೂರು ರಾತ್ರಿ ಮಾತಾಡಿದೆವು. ಕೆಲವು ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ, ಇಲ್ಲ ಅಂತಲೇ ಹೇಳಿದೆ. ಪ್ರಶ್ನೆಯಿಂದ ಮಗುವನ್ನು ಬಚ್ಚಿಡುವುದಕ್ಕೆ ಮನೆಯನ್ನು ಬಳಸಿದರೆ, ಹದಿನೆಂಟಕ್ಕೆ ಹಾಸ್ಟೆಲ್ ಸೇರಿದ ಮೊದಲ ವಾರವೇ ಆ ಪ್ರಶ್ನೆ ಎದುರಾಗುತ್ತದೆ. ಆಗ ಜೊತೆಗೆ ಕೂತು ಮಾತಾಡಲು ನಾವಿರುವುದಿಲ್ಲ.

ಜನರ ಜೊತೆ ಬೆರೆಯುವ ವಿಷಯದಲ್ಲಿ ಕೊಡಗು ನಮಗೆ ಸಹಾಯವನ್ನೇ ಮಾಡಿತು. ಸಂಜೆ ಹಾಕಿ, ಭಾನುವಾರ ಸಂಡೇ ಸ್ಕೂಲಿನಲ್ಲಿ ಚಿಕ್ಕವರಿಗೆ ಪಾಠ, ಹುತ್ತರಿ ಹಬ್ಬಕ್ಕೆ ಪಕ್ಕದ ಕೊಡವರ ಐನ್‌ಮನೆ (ಕುಲದ ಮೂಲಮನೆ), ಕೊಯ್ಲಿನ ಕಾಲದಲ್ಲಿ ತೋಟದ ಕಾರ್ಮಿಕರ ಲೈನ್ ಮನೆಯ ಮಕ್ಕಳಿಗೆ ಕನ್ನಡ ಓದಿಸುವುದು. ಒಂಟಿತನ ಇರಲಿಲ್ಲ ಎಂದಲ್ಲ, ಇತ್ತು. ಯೂನಿಫಾರಂ ಹಾಕಿದ ಗೆಳತಿಯರು ಗುಂಪಾಗಿ ಬಸ್ಸಿಗೆ ಹೋಗುವಾಗ ಅವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಅದನ್ನು ಮುಚ್ಚಿಟ್ಟು ಬರೆದರೆ ಸರಿಯಾಗುವುದಿಲ್ಲ.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಎಲ್ಲ ಶಾಲೆಗಳೂ ಮುಚ್ಚಿದವು. ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ಸೋಮವಾರಪೇಟೆ ಕಡೆ ಒಬ್ಬ ಶಿಕ್ಷಕರು ಮರದ ಮೇಲೆ ಅಟ್ಟಣಿಗೆ ಕಟ್ಟಿ ಅಲ್ಲಿಂದಲೇ ಪಾಠ ಮಾಡಿದರು. ನಮ್ಮನ್ನು ವಿಚಿತ್ರವಾಗಿ ನೋಡುತ್ತಿದ್ದವರೇ ಫೋನ್ ಮಾಡಿ "ನೀವು ಹೇಗೆ ಮಾಡ್ತೀರಿ?" ಎಂದು ಕೇಳತೊಡಗಿದರು. ಶಾಲೆ ತೆರೆದ ಮೇಲೆ ಹೆಚ್ಚಿನವರು ಹಿಂದಿರುಗಿದರು. ಕೆಲವರು ಹಿಂದಿರುಗಲಿಲ್ಲ.

ಹೈಸ್ಕೂಲು ಮುಗಿಯುವ ಹೊತ್ತಿಗೆ ಪಾಠಕ್ಕಿಂತ ಕಾಗದದ ಚಿಂತೆ ದೊಡ್ಡದಾಗುತ್ತದೆ. ನಮಗೆ ಸಿಕ್ಕ ಪರೀಕ್ಷಾ ಕೇಂದ್ರ ಜಿಲ್ಲೆಯ ಹೊರಗೆ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿ.ಮೀ., ಹಾಗಾಗಿ ಪ್ರತಿ ಪರೀಕ್ಷೆಗೂ ಹಿಂದಿನ ದಿನವೇ ಹೋಗಿ ಉಳಿಯಬೇಕಿತ್ತು. ಎಸ್‌ಎಸ್‌ಎಲ್‌ಸಿಯನ್ನು ಖಾಸಗಿಯಾಗಿ ಕಟ್ಟಬಹುದು. ಆದರೆ ರಾಜ್ಯದ ಪಿಯುಸಿಯಲ್ಲಿ ಖಾಸಗಿ ಅಭ್ಯರ್ಥಿಗೆ ಕಲೆ, ವಾಣಿಜ್ಯ ಮಾತ್ರ, ವಿಜ್ಞಾನ ಇಲ್ಲ. ಡಾಕ್ಟರ್ ಆಗಬೇಕೆನ್ನುವ ಮಕ್ಕಳಿಗೆ 2018ರಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು. ಮುಕ್ತ ಶಾಲೆಯವರು ನೀಟ್ ಬರೆಯುವಂತಿಲ್ಲ ಎಂಬ ಪ್ರಕಟಣೆ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಆ ನಿಯಮವನ್ನು ಹೊಡೆದುಹಾಕಿತು. ಸುಪ್ರೀಂ ಕೋರ್ಟಿನಲ್ಲಿ ಪೂರ್ತಿ ಇತ್ಯರ್ಥವಾಗಲು 2024 ಬರಬೇಕಾಯಿತು. ಆರು ವರ್ಷ ಎಂದರೆ ಒಂದು ಮಗುವಿನ ಇಡೀ ಹೈಸ್ಕೂಲು, ಪಿಯುಸಿ ಮುಗಿದು ಇನ್ನೂ ಸಮಯ ಮಿಗುತ್ತದೆ.

ಸಿಇಟಿ ಸೀಟಿಗೆ ಬೇರೆಯದೇ ಲೆಕ್ಕ. ಸಾಮಾನ್ಯವಾಗಿ ಎಲ್ಲರೂ ಬರುವ ದಾರಿಯಲ್ಲಿ, ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆಗಳಲ್ಲಿ ಓದಿರಬೇಕು. ಅದಕ್ಕೆ ಶಾಲೆಯ ಪ್ರಮಾಣಪತ್ರ ಬೇಕು, ಬಿಇಒ ಸಹಿ ಬೇಕು. ಎಂಟರವರೆಗೆ ಶಾಲೆಯಲ್ಲಿದ್ದ ಮಗುವಿಗೆ ಈ ಏಳು ವರ್ಷ ತುಂಬಿರುತ್ತದೆ. ಮೊದಲಿನಿಂದಲೂ ಮನೆಯಲ್ಲೇ ಕಲಿತ ಮಗುವಿಗೆ ಸಹಿ ಹಾಕುವವರು ಯಾರು? ಅಂಥ ಮಗುವೂ ಇದೇ ಮಣ್ಣಲ್ಲಿ ಬೆಳೆದಿದೆ, ಇದೇ ಕನ್ನಡ ಮಾತಾಡುತ್ತದೆ. ಹದಿನಾಲ್ಕರವರೆಗೆ ಕಾನೂನು ಸ್ಪಷ್ಟವಾಗಿ ಒಂದು ಮಾತು ಹೇಳಿದ್ದರೆ ಹದಿನೆಂಟಕ್ಕೆ ಈ ಪರದಾಟ ಬರುತ್ತಿರಲಿಲ್ಲ ಎಂದು ನನಗನಿಸುತ್ತದೆ.

ಬರುವ ಜೂನ್‌ಗೆ ಒಂಬತ್ತನೇ ಕ್ಲಾಸಿಗೆ ಬರುವ ಮಕ್ಕಳಿರುವ ಎರಡು ಮನೆಗಳು ನಮ್ಮ ಚರ್ಚಿನಲ್ಲೇ ಇವೆ. ಹೋದ ಭಾನುವಾರ ಪೂಜೆ ಮುಗಿದ ಮೇಲೆ ಇಬ್ಬರು ತಾಯಂದಿರೂ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡರು. ಯಾವ ಪುಸ್ತಕ, ಯಾವ ಪಾಠ ಅಂತ ಅವರು ಕೇಳಲಿಲ್ಲ. "ಟಿಸಿ ತೆಗೆಸೋದಾ, ಬೇಡ್ವಾ?" ಎಂದು ಕೇಳಿದರು. ಏಳು ವರ್ಷದ ಪ್ರಮಾಣಪತ್ರವನ್ನು ಮೊದಲು ತೆಗೆದುಕೊಳ್ಳಿ, ಆಮೇಲೆ ಟಿಸಿ, ಆಮೇಲೆ ಮಗುವನ್ನೇ ಕೂರಿಸಿಕೊಂಡು ಕೇಳಿ ಎಂದು ಹೇಳಿ ಬಂದಿದ್ದೇನೆ.