ಬಸುರಿಯ ಮಾತ್ರೆಗೆ ಮಾಸಿನ ಕಾವಲು

"ಬಸುರಿ ಅಂದಮೇಲೆ ಮಾತ್ರೆ ಗೀತ್ರೆ ಬೇಡ" ಎಂಬ ಹಳೆಯ ಮಾತಿಗೆ ಈಗ ಎಪಿಜೆನೆಟಿಕ್ಸ್ (ವಂಶವಾಹಿಯ ಬರಹ ಹಾಗೇ ಇದ್ದು ಅದರ ಓದು ಮಾತ್ರ ಬದಲಾಗುವುದರ ಅಧ್ಯಯನ) ಎಂಬ ಹೊಸ ಬಣ್ಣ ಬಳಿದಿದ್ದಾರೆ. ತಾಯಿ ನುಂಗಿದ್ದೆಲ್ಲ ಮಗುವಿನ ವಂಶವಾಹಿಯ ಮೇಲೆ ಬರೆದುಕೊಳ್ಳುತ್ತದಂತೆ! ರೋಗನಿರೋಧಕ ವ್ಯವಸ್ಥೆ ತನ್ನ ಮೈಯನ್ನೇ ಕಾಡುವ ಲೂಪಸ್ ಅಥವಾ ರುಮಟಾಯ್ಡ್ ಸಂಧಿವಾತ ಇರುವವರು ಇದನ್ನು ನಂಬಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬಿಟ್ಟರೆ ರೋಗ ಕೆರಳುತ್ತದೆ. ಅಷ್ಟೇ ಅಲ್ಲ, ತಿಂಗಳುಗಟ್ಟಲೆ ಹೊರಗಿನ ಸ್ಟೀರಾಯ್ಡ್‌ಗೆ ಒಗ್ಗಿ ಮಲಗಿದ, ಮೈಯ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿ ತಟ್ಟನೆ ಏಳದೆ ರಕ್ತದೊತ್ತಡ ಕುಸಿಯಬಹುದು.

ಈ ಮದ್ದಿನ ಹುಟ್ಟಿಗೇ ಬಸಿರಿನ ನಂಟಿದೆ. ಬಸುರಿಯಾದಾಗ, ಕಾಮಾಲೆ ಬಂದಾಗ ಸಂಧಿವಾತದ ನೋವು ಇಳಿಯುವುದನ್ನು ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ಫಿಲಿಪ್ ಹೆಂಚ್ 1929ರಿಂದ 1930ರ ದಶಕದುದ್ದಕ್ಕೂ ಗಮನಿಸಿದರು. ಮೈಯೇ ಏನೋ ಮದ್ದು ಅರೆದುಕೊಳ್ಳುತ್ತಿದೆ ಎಂದು ಅದರ ಬೆನ್ನು ಹತ್ತಿದರು. 1948ರಲ್ಲಿ ಮೊದಲ ರೋಗಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರು; 1950ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಹಂಚಿಕೊಂಡರು. ಪ್ರೆಡ್ನಿಸೊಲೋನ್ ಅದೇ ಮನೆತನದ ಕೂಸು.

ಮಾಸಿನಲ್ಲಿ (ಪ್ಲಾಸೆಂಟಾ) 11-ಬೀಟಾ-ಎಚ್‌ಎಸ್‌ಡಿ-2 ಎಂಬ ಕಿಣ್ವವಿದೆ. ತಾಯಿಯ ಕಾರ್ಟಿಸಾಲ್ ಮಗುವಿನತ್ತ ಹೊರಟರೆ ಇದು ಕೊಂಡಿ ಮುರಿದ ಚೇಳಿನಂತೆ ಮಾಡಿ ಬಿಡುತ್ತದೆ. ಪ್ರೆಡ್ನಿಸೊಲೋನ್‌ಗೂ ಅದೇ ಗತಿ: ತಾಯಿಯ ರಕ್ತದಲ್ಲಿ ಹತ್ತು ಪಾಲಿದ್ದರೆ ಮಗುವಿಗೆ ಮುಟ್ಟುವುದು ಸುಮಾರು ಒಂದು ಪಾಲು. ಫ್ಲೋರಿನ್ ತೊಟ್ಟ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಮಾತ್ರ ಈ ಕಾವಲಿಗೆ ಅಷ್ಟಾಗಿ ಸಿಕ್ಕುವುದಿಲ್ಲ. ಆದ್ದರಿಂದಲೇ ಅವಧಿಗೆ ಮೊದಲೇ ಹೆರಿಗೆಯಾಗುವಂತಿದ್ದರೆ ಮಗುವಿನ ಶ್ವಾಸಕೋಶ ಬಲಿಯಲೆಂದು 12 ಮಿಲಿಗ್ರಾಂ ಚುಚ್ಚಿ, 24 ಗಂಟೆ ಬಿಟ್ಟು ಇನ್ನೊಮ್ಮೆ ಚುಚ್ಚುತ್ತಾರೆ.

ಎಪಿಜೆನೆಟಿಕ್ಸ್ ನಿಜವಾಗಿ ಕಾಣಿಸಿಕೊಳ್ಳುವುದು ಈ ಕಾವಲುಗಾರನಲ್ಲೇ. ಕಿಣ್ವದ ವಂಶವಾಹಿಯ ಆರಂಭದಲ್ಲಿ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಅಂಟಿದರೆ ಅದರ ಓದು ತಗ್ಗುತ್ತದೆ. 'ಕ'ದ ತಲೆಕಟ್ಟು ತೆಗೆದು 'ಕ್' ಮಾಡಿದರೆ ಅಕ್ಷರ ಉಳಿದೂ ಸ್ವರ ಅಡಗುತ್ತದಲ್ಲ, ಹಾಗೆ. ಮಳೆಗಾಲದಲ್ಲಿ ಪುಟ ಅಂಟಿಕೊಂಡ ಪುಸ್ತಕ ಎಂದರೂ ಸರಿ: ಬರಹವೆಲ್ಲ ಇದೆ, ಬಿಡಿಸಲು ಬಾರದು. ಬೆಳವಣಿಗೆ ಕುಂಠಿತವಾದ ಶಿಶುಗಳ ಮಾಸಿನಲ್ಲಿ ಇಲ್ಲಿ ಮೀಥೈಲ್ ಹೆಚ್ಚಿದ್ದದ್ದು ಕಂಡುಬಂದಿದೆ. ಅದೇ ಕಾರಣ ಎನ್ನುವಷ್ಟು ಪುರಾವೆಯಿಲ್ಲ. ಲೂಪಸ್‌ನಲ್ಲಿ ಕಥೆ ತಿರುಗುಮುರುಗು. ರೋಗಿಯ ಟಿ ಕೋಶಗಳಲ್ಲಿ (ರೋಗನಿರೋಧಕ ಬಿಳಿ ರಕ್ತಕಣಗಳು) ಮೀಥೈಲ್ ಉದುರಿ, ಸುಮ್ಮನಿರಬೇಕಾದ ವಂಶವಾಹಿಗಳು ಗಲಾಟೆ ಎಬ್ಬಿಸುತ್ತವೆ. ಒಂದೇ ಗುರುತು, ಇಲ್ಲಿ ಹೆಚ್ಚಿದರೆ ಕೇಡು, ಅಲ್ಲಿ ಕಡಿಮೆಯಾದರೆ ಕೇಡು. "ಮೀಥೈಲ್ ಹೆಚ್ಚಿಸುವ" ಪೂರಕಗಳ ಡಬ್ಬಿ ಮಾರುವವರಿಗೆ ಇದು ಗೊತ್ತಿಲ್ಲವೋ, ಬೇಕಿಲ್ಲವೋ.

ಮಗುವಿಗೆ ಕೇಡಾದೀತೆಂದು ಬಿಡಲೇಬೇಕಾದ ಮಾತ್ರೆಗಳೂ ಈ ರೋಗಗಳಿಗೆ ಕೊಡುವವುಗಳಲ್ಲಿ ಇವೆ. ಮೆಥೊಟ್ರೆಕ್ಸೇಟ್ ಅನ್ನು ಗರ್ಭ ಧರಿಸುವ ಯತ್ನಕ್ಕೆ 1ರಿಂದ 3 ತಿಂಗಳು ಮೊದಲು, ಮೈಕೊಫಿನೊಲೇಟನ್ನು ಕನಿಷ್ಠ 6 ವಾರ ಮೊದಲು ನಿಲ್ಲಿಸಿ, ವೈದ್ಯರು ಬದಲಿ ಔಷಧಿ ಕೊಡುತ್ತಾರೆ. ಗರ್ಭ ಧರಿಸುವ ಮುನ್ನ ಆರು ತಿಂಗಳಾದರೂ ರೋಗ ತಣ್ಣಗಿದ್ದರೆ ಒಳ್ಳೆಯದು. ಲೂಪಸ್ ಇದ್ದವರು ಹೈಡ್ರಾಕ್ಸಿಕ್ಲೋರೊಕ್ವಿನ್ ಅನ್ನು ಬಸಿರಿನುದ್ದಕ್ಕೂ ಬಿಡುವಂತಿಲ್ಲ. ಲೆಕ್ಕ ಕಿಲೋ ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ ಒಳಗೆ. 60 ಕಿಲೋ ತೂಗುವವರಿಗೆ ದಿನಕ್ಕೆ 300 ಆಯಿತು. ಮಾತ್ರೆ 200ರದ್ದಾದರೆ ಒಂದು ದಿನ ಒಂದು, ಮರುದಿನ ಎರಡು.