ರೋಹಿಣಿ ಮಳೆಗೆ ಮೊದಲು ಮಾಳಿಗೆ ಹತ್ತಿ

ದಾವಣಗೆರೆ, ಚಿತ್ರದುರ್ಗದ ಕಡೆ ಮಾಳಿಗೆ ಸೋರುತ್ತಿದೆ ಎಂದು ಮೇಸ್ತ್ರಿಗೆ ಫೋನ್ ಹೋಗುವುದೇ ಮಳೆ ಹಿಡಿದ ಮೇಲೆ. ಆ ಹೊತ್ತಿಗೆ ಕಾಂಕ್ರೀಟು ನೀರು ಕುಡಿದಿರುತ್ತದೆ, ಅದರ ಮೇಲೆ ಬಳಿದ ನೀರು ತಡೆಯುವ ಲೇಪನ ಹಿಡಿಯದೆ ಬೊಬ್ಬೆ ಏಳುತ್ತದೆ. ಬಿರುಕು ಹುಟ್ಟುವುದು ಬೇಸಿಗೆಯಲ್ಲಿ. ಯುಗಾದಿ ಕಳೆದ ಮೇಲೆ ಹಗಲು ಕಾದು ಹಿಗ್ಗಿದ ಸ್ಲ್ಯಾಬು ರಾತ್ರಿ ಕುಗ್ಗುತ್ತದೆ, ದಿನಾ ಇದೇ ಎಳೆದಾಟ. ಹಾಗಾಗಿ ಈ ಕೆಲಸಕ್ಕೆ ಏಪ್ರಿಲ್, ಮೇ ತಿಂಗಳೇ ಸರಿ. ರೋಹಿಣಿ ಹುಟ್ಟುವುದು ಮೇ 25ರ ಸುಮಾರಿಗೆ, ಅಷ್ಟರೊಳಗೆ ಮುಗಿಸಿಕೊಳ್ಳಬೇಕು.

'ನಮ್ಮ ಕಡೆ ಮಳೆಯೇ ಕಡಿಮೆ' ಎಂದು ಸುಮ್ಮನಿರುವವರು ಬಹಳ. ಆದರೆ ಚಿತ್ರದುರ್ಗದಲ್ಲಿ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. 1933ರಿಂದ ಕೋಡಿ ಬೀಳದಿದ್ದ ಇದೇ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 2022ರಲ್ಲಿ ಕೋಡಿ ಬಿತ್ತು. ಮಾಳಿಗೆಗೆ ವರ್ಷದ ಲೆಕ್ಕ ಬೇಡ, ಒಂದು ರಾತ್ರಿಯ ಮಳೆ ಸಾಕು.

ಮೊದಲು ಪೊರಕೆ ಹಿಡಿದು ಪೂರ್ತಿ ಗುಡಿಸಿ, ನೀರು ಇಳಿಯುವ ಪೈಪಿನ ಬಾಯಿ ನೋಡಿ. ನಾಲ್ಕು ಇಂಚಿನ ಪೈಪಾದರೂ ಬೇವಿನ ಎಲೆ, ಪಾರಿವಾಳದ ಪುಕ್ಕ, ಹಾಲಿನ ಕವರು ಸೇರಿ ಮುಚ್ಚಿಕೊಳ್ಳುತ್ತದೆ. ಸಾವಿರ ಚದರಡಿ ಮಾಳಿಗೆಯ ಮೇಲೆ ಒಂದೇ ಇಂಚು ನೀರು ನಿಂತರೆ ಸುಮಾರು 2,360 ಲೀಟರ್, ಅಂದರೆ ಎರಡು ಟನ್ನಿಗೂ ಮಿಕ್ಕಿ ಭಾರ. ಬಾಯಿಗೆ ಜಾಲರಿ ಹಾಕಿಸಿ. ಆಮೇಲೆ ಏಳೆಂಟು ಬಕೆಟ್ ನೀರು ಹೊಯ್ದು ಅರ್ಧ ಗಂಟೆ ಬಿಟ್ಟು ನೋಡಿ. ನೀರು ನಿಂತ ಜಾಗಕ್ಕೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಅಲ್ಲಿ ವಾಟ ತಪ್ಪಿದೆ. ಎಂಟು ಅಡಿಗೆ ಒಂದು ಇಂಚು ಇಳಿಜಾರು ಇರಬೇಕು.

ಒಳಗೆ ಹನಿ ಬೀಳುವ ಜಾಗದ ನೇರ ಮೇಲೆಯೇ ಬಿರುಕು ಹುಡುಕಿ ಹಲವರು ಮೋಸ ಹೋಗುತ್ತಾರೆ. ಸ್ಲ್ಯಾಬಿನೊಳಗಿನ ವೈರಿಂಗ್ ಪೈಪಿಗೆ ಇಳಿದ ನೀರು ಹತ್ತು ಅಡಿ ಓಡಿ ಫ್ಯಾನಿನ ಕೊಕ್ಕೆಯಲ್ಲಿ ತೊಟ್ಟಿಕ್ಕಬಹುದು. ಡಿಶ್ ಸ್ಟ್ಯಾಂಡಿನ ನಾಲ್ಕು ಬೋಲ್ಟು, ಬಟ್ಟೆ ಒಣಹಾಕುವ ತಂತಿಯ ಕಂಬದ ಬುಡ, ಪ್ಯಾರಾಪೆಟ್ಟು ಸ್ಲ್ಯಾಬಿಗೆ ಕೂಡುವ ಸಂದಿ, ಈ ಮೂರನ್ನು ಮೊದಲು ನೋಡಿ. ಇಟ್ಟಿಗೆ ಗೋಡೆ ಹಿಗ್ಗುವ ಲೆಕ್ಕ ಬೇರೆ, ಕಾಂಕ್ರೀಟಿನದು ಬೇರೆ. ಸಂದಿ ಬಾಯಿ ಬಿಡುವುದು ಅದಕ್ಕೇ.

ಬಿರುಕಿಗೆ ಬರೀ ಸಿಮೆಂಟ್ ಹಾಲು ಬಳಿಯುವುದು ದುಡ್ಡು ದಂಡ. ಅದು ಗಟ್ಟಿಯಾಗಿ ನಿಲ್ಲುತ್ತದೆ, ಸ್ಲ್ಯಾಬು ಅಲುಗುತ್ತದೆ, ಮುಂದಿನ ಬೇಸಿಗೆಗೆ ಅದರ ಅಂಚಿನಲ್ಲೇ ಹೊಸ ಗೆರೆ. ಗ್ರೈಂಡರಿನಿಂದ ಸುಮಾರು 8 ಮಿಲಿಮೀಟರ್ ಅಗಲ, ಅಷ್ಟೇ ಆಳಕ್ಕೆ ಕೊರೆದು, ತಂತಿ ಬ್ರಶ್ಶಿನಿಂದ ಉಜ್ಜಿ ಧೂಳು ತೆಗೆದು, ಬಾಗುವ ಗುಣವಿರುವ ಅಕ್ರಿಲಿಕ್ ಫಿಲ್ಲರ್ ತುಂಬಿ. ಪ್ಯಾರಾಪೆಟ್ ಸಂದಿಗೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯಲ್ಲಿ ಮೂರು ಇಂಚಿನ ಉರುಟು ಮೂಲೆ ಕಟ್ಟಿಸಿ, ವಾರ ನೀರುಣಿಸಿ, ಪೂರ್ತಿ ಒಣಗಿದ ಮೇಲೆ ಫೈಬರ್ ಜಾಲರಿ ಕೂರಿಸಿ ಲೇಪನ ಬಳಿಸಿ. ಲೇಪನ ಗೋಡೆ ಮೇಲೂ ಒಂದು ಅಡಿ ಏರಬೇಕು. ಎರಡು ಕೋಟು: ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಹೆಚ್ಚು ನೀರು ಬೆರೆಸಲು ಬಿಡಬೇಡಿ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ನಂತರ ಬಳಿಯಬೇಕು. ಕಾದ ಸ್ಲ್ಯಾಬಿನ ಮೇಲೆ ಪದರ ಬೇಗ ಒಣಗಿ ಸುಲಿದು ಬರುತ್ತದೆ. ಎಲ್ಲ ಒಣಗಿದ ಮೇಲೆ ಪೈಪಿನ ಬಾಯಿ ಕಟ್ಟಿ ಒಂದು ಇಂಚು ನೀರು 24 ಗಂಟೆ ನಿಲ್ಲಿಸಿ, ಒಳಗಿನ ಸೀಲಿಂಗ್ ನೋಡಿ. ಸೀಲಿಂಗಿನ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುವ ಹಳೇ ಮನೆಯಾದರೆ ಈ ಪರೀಕ್ಷೆ ಬೇಡವೇ ಬೇಡ, ಮೊದಲು ಎಂಜಿನಿಯರ್ ನೋಡಲಿ.

ಎರೆ ನೆಲದ ಮೇಲಿನ ಮನೆಗಳಿಗೆ ಇನ್ನೊಂದು ಕಾಟ ಉಂಟು. ಎರೆ ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ; ಕಿಟಕಿ ಮೂಲೆಯಿಂದ ಓರೆಯಾಗಿ ಸೀಳು ಏಳುತ್ತದೆ. ತಕ್ಷಣ ಪುಟ್ಟಿ ತುಂಬಬೇಡಿ. ಸೀಳಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದಿಡಿ, ದೀಪಾವಳಿ ಹೊತ್ತಿಗೆ ಮತ್ತೆ ನೋಡಿ. ಗೆರೆ ದಾಟಿ ಬೆಳೆದಿದ್ದರೆ ಅಥವಾ 5 ಮಿಲಿಮೀಟರಿಗಿಂತ ಅಗಲವಿದ್ದರೆ ಅದು ಬಣ್ಣದವರ ಕೆಲಸವಲ್ಲ. ಗೋಡೆ ಬುಡದಲ್ಲಿ ಸೋರುವ ನಲ್ಲಿ ಇದ್ದರೆ ಇವತ್ತೇ ರಿಪೇರಿ ಮಾಡಿಸಿ. ಬುಡದ ಸುತ್ತ ಮೂರು ಅಡಿ ಹೊರವಾಟದ ಕಾಂಕ್ರೀಟ್ ಪಟ್ಟಿ ಹಾಕಿಸಿ.

ಟ್ಯಾಂಕ್ ತೊಳೆಯುವವರು ಗಡಸು ನೀರಿನ ಬಿಳಿ ಪದರ ತೆಗೆಯಲು ಆಸಿಡ್ ಬಳಸಿ, ಮೇಲಿಂದ ಬ್ಲೀಚಿಂಗ್ ಪೌಡರ್ ಸುರಿಯುವುದುಂಟು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಆಸಿಡ್ ಬಿಟ್ಟು ಬ್ರಶ್ಶಿನಲ್ಲೇ ಉಜ್ಜಿಸಿ. ತೊಳೆದು ತುಂಬಿಸಿದ ಸಾವಿರ ಲೀಟರಿಗೆ 150 ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. 12 ಗಂಟೆ ಬಿಟ್ಟು ಆ ನೀರೆಲ್ಲ ಹೊರಚೆಲ್ಲಿ, ಒಮ್ಮೆ ತೊಳೆದು ಬಳಸಿ. ನೆಲದಡಿಯ ನೀರಿನ ಸಂಪಿನೊಳಗೆ ಒಬ್ಬರೇ ಇಳಿಯಕೂಡದು; ಮುಚ್ಚಳ ಗಂಟೆ ಮೊದಲೇ ತೆಗೆದಿರಬೇಕು, ಮೋಟರಿನ ಪ್ಲಗ್ ಕಿತ್ತಿರಬೇಕು.

ಇದೇ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಎರೆ ಬಿರಿದು ಪೈಪಿನಿಂದ ಸರಿದರೆ ಕರೆಂಟು ನೆಲಕ್ಕೆ ಇಳಿಯುವ ದಾರಿಯೇ ಕಡಿಮೆಯಾಗುತ್ತದೆ. ವಾರಕ್ಕೆ ಎರಡು ಬಕೆಟ್ ನೀರು ಹಾಕಿ, ಮಳೆಗೆ ಮೊದಲು ಎಲೆಕ್ಟ್ರಿಷಿಯನ್ನಿನಿಂದ ಅರ್ಥಿಂಗಿನ ರೆಸಿಸ್ಟೆನ್ಸ್ ಅಳತೆ ಮಾಡಿಸಿ. 5 ಓಮಿನೊಳಗೆ ಬಂದರೆ ಒಳ್ಳೆಯದು. ಮೀಟರ್ ಬೋರ್ಡಿನ ಆರ್‌ಸಿಸಿಬಿಯಲ್ಲಿರುವ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) 'ಟಿ' ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಒತ್ತಿದ ಕೂಡಲೇ ಸ್ವಿಚ್ ಬೀಳಬೇಕು. ಅದು ಆ ಸಾಧನದ ಪರೀಕ್ಷೆ ಮಾತ್ರ, ಅರ್ಥಿಂಗಿನದಲ್ಲ. ಬೀಳದಿದ್ದರೆ ಅಂದೇ ಹೊಸದು ಹಾಕಿಸಿ, ಅಲ್ಲಿಯವರೆಗೆ ಗೀಸರ್ ಹಚ್ಚಬೇಡಿ.