ಸ್ವೀಟ್ ಪೀ: ಮೊದಲು ಬೇರು, ಆಮೇಲೆ ಹೂವು

ಸ್ವೀಟ್ ಪೀ ಎಂಬ ಪರಿಮಳದ ಹೂಬಳ್ಳಿ ಬೆಳೆಸಿ ಬೇಸರಪಟ್ಟವರು ನನ್ನ ಹತ್ತಿರ ಹೇಳುವುದು ಹೆಚ್ಚುಕಮ್ಮಿ ಒಂದೇ ಕತೆ. ಬೀಜ ಮೊಳೆಯಿತು, ಬಳ್ಳಿ ಸರಸರ ಮೇಲೇರಿತು, ಒಂದಿಷ್ಟು ಹೂ ಬಿಟ್ಟು ಬುಡದಿಂದ ಹಳದಿಯಾಗುತ್ತಾ ಒಣಗಿತು. ಗೊಬ್ಬರ ಸಾಲಲಿಲ್ವಾ, ರೋಗ ಬಂತಾ ಎಂದು ಕೇಳುತ್ತಾರೆ. ನಾನು ಮೊದಲು ವಿಚಾರಿಸುವುದು ಬೀಜ ಹಾಕಿದ್ದು ಯಾವಾಗ ಎಂದು. ಹತ್ತರಲ್ಲಿ ಎಂಟು ಸಲ ತೊಂದರೆ ಅಲ್ಲೇ ಇರುತ್ತದೆ.

ಈ ಬಳ್ಳಿಯ ಮೂಲ ಸಿಸಿಲಿ ಮತ್ತು ದಕ್ಷಿಣ ಇಟಲಿ. ಸಿಸಿಲಿಯ ಫ್ರಾಂಚೆಸ್ಕೊ ಕುಪಾನಿ ಎಂಬ ಸನ್ಯಾಸಿ 1699ರಲ್ಲಿ ಇದರ ಬೀಜವನ್ನು ಇಂಗ್ಲೆಂಡಿಗೆ ಕಳಿಸಿಕೊಟ್ಟ ಎಂಬುದು ತೋಟಗಾರರಿಗೆಲ್ಲ ಗೊತ್ತಿರುವ ವಿಷಯ. ಆ ಸೀಮೆಯಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಹಾಗಾಗಿ ಚಳಿಯಲ್ಲಿ ಬೇರು ಬಿಡು, ವಸಂತದಲ್ಲಿ ಹೂ ಬಿಡು, ಸುಡುಬಿಸಿಲು ಬರುವ ಮುಂಚೆ ಬೀಜ ಕಟ್ಟಿ ಮುಗಿಸು ಅನ್ನುವುದು ಈ ಗಿಡದ ಸ್ವಭಾವ. ನಾವು ಮಾಡಬೇಕಾದ್ದು ಬೇರಿಗೆ ತಂಪಿನ ದಿನಗಳನ್ನು ಸಾಕಷ್ಟು ಕೊಡುವುದು. ಚಳಿಗಾಲ ಸೌಮ್ಯವಾಗಿರುವ ಕಡೆ ಸೆಖೆ ಇಳಿದು ರಾತ್ರಿ ತಂಪಾಗುತ್ತಿದ್ದ ಹಾಗೇ ಬಿತ್ತಬೇಕು. ನೆಲ ಹೆಪ್ಪುಗಟ್ಟುವ ಕಡೆ ಚಳಿಗಾಲದ ಕೊನೆಯಲ್ಲಿ ಕುಂಡದಲ್ಲಿ ಬಿತ್ತಿ, ಗಾಜು ಅಥವಾ ಪ್ಲಾಸ್ಟಿಕ್ ಮರೆಯಲ್ಲಿ ಇಡಬೇಕು. ಬಿಸಿಲು ಏರಿದ ಮೇಲೆ ಬಿತ್ತಿದರೆ ಎಷ್ಟು ಉಪಚಾರ ಮಾಡಿದರೂ ಬಳ್ಳಿ ತನ್ನ ಕೆಲಸ ಬೇಗ ಮುಗಿಸಿಬಿಡುತ್ತದೆ.

ಬೀಜದ ಸಿಪ್ಪೆ ಗಟ್ಟಿ, ಅದಕ್ಕೇ ಬಿತ್ತುವ ಮುಂಚೆ ಗೀರಬೇಕೋ ಬೇಡವೋ ಎಂಬ ವಾದ ನಡೆಯುತ್ತಲೇ ಇರುತ್ತದೆ. ನನ್ನ ಪ್ರಕಾರ ಎಲ್ಲವನ್ನೂ ಗೀರುವುದು ಸುಮ್ನೆ ಕೆಲಸ. ಸಂಜೆ ಬೀಜಗಳನ್ನು ನೀರಿಗೆ ಹಾಕಿ. ಬೆಳಿಗ್ಗೆ ನೋಡಿದರೆ ಕೆಲವು ಊದಿಕೊಂಡು ದಪ್ಪಗಾಗಿರುತ್ತವೆ, ಕೆಲವು ಹಾಕಿದ ಹಾಗೇ ಕಾಳುಮೆಣಸಿನಂತೆ ಗಟ್ಟಿಯಾಗಿ ಉಳಿದಿರುತ್ತವೆ. ಊದಿದ್ದನ್ನು ನೇರವಾಗಿ ಬಿತ್ತಿ. ಉಳಿದದ್ದನ್ನು ಮಾತ್ರ ಕೈಗೆತ್ತಿಕೊಳ್ಳಿ. ಪ್ರತಿ ಬೀಜದ ಮೇಲೂ ಒಂದು ಸಣ್ಣ ಮಚ್ಚೆ ಕಾಣುತ್ತದೆ, ಅದೇ ಬೀಜದ ಕಣ್ಣು. ಮೊಳಕೆ ಅದರ ಪಕ್ಕದಿಂದಲೇ ಬರುವುದು, ಅದನ್ನು ಮುಟ್ಟಬೇಡಿ. ಅದರ ಎದುರು ಬದಿಯಲ್ಲಿ ನೇಲ್ ಕಟ್ಟರ್‌ನಿಂದ ಸಿಪ್ಪೆಯನ್ನು ಚೂರೇ ಚೂರು ಕತ್ತರಿಸಿ. ಒಳಗಿನ ತಿಳಿಬಣ್ಣ ಕಂಡ ಕೂಡಲೇ ನಿಲ್ಲಿಸಿ. ಇನ್ನೂ ಆಳಕ್ಕೆ ಹೋದರೆ ಬೀಜ ಕೊಳೆಯುತ್ತದೆ. ನೀರಲ್ಲಿ ಒಂದು ರಾತ್ರಿಗಿಂತ ಜಾಸ್ತಿ ಬಿಟ್ಟರೂ ಕೊಳೆಯುತ್ತದೆ.

ಕುಂಡ ಅಗಲವಾಗಿ ಇರಬೇಕಿಲ್ಲ, ಆಳವಾಗಿರಬೇಕು. 12ರಿಂದ 15 ಸೆಂಟಿಮೀಟರ್ ಆಳ ಇದ್ದರೆ ಒಳ್ಳೆಯದು. ತಾಯಿಬೇರು ನೇರ ಕೆಳಗೆ ಇಳಿಯುತ್ತದೆ, ತಳ ಸಿಕ್ಕಿದರೆ ಸುತ್ತಿಕೊಳ್ಳಲು ಶುರುಮಾಡುತ್ತದೆ. ಟಾಯ್ಲೆಟ್ ಪೇಪರ್‌ನ ಒಳಗಿನ ರಟ್ಟಿನ ಕೊಳವೆ ಇದಕ್ಕೆ ಚೆನ್ನಾಗಿ ಒದಗುತ್ತದೆ. ಸುಮಾರು 2 ಸೆಂಟಿಮೀಟರ್ ಆಳದಲ್ಲಿ ಬೀಜ ಹಾಕಿ, ಒಮ್ಮೆ ಚೆನ್ನಾಗಿ ನೀರು ಕೊಟ್ಟು, ಮೊಳೆಯುವ ತನಕ ಬರೀ ತೇವ ಇದ್ದರೆ ಸಾಕು. 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡು ವಾರದ ಒಳಗೆ ಹೆಚ್ಚಿನವು ತಲೆ ಎತ್ತುತ್ತವೆ. ಇಲಿಗೆ ಈ ಬೀಜ ಅಂದರೆ ಬಹಳ ಇಷ್ಟ, ಕುಂಡಗಳ ಮೇಲೆ ಜಾಲರಿ ಮುಚ್ಚಿ.

ಮೊಳಕೆ ಬಂದ ಮೇಲೆ ಪ್ರೀತಿಯಿಂದಲೇ ಸಸಿ ಕೆಡಿಸುವವರು ಬಹಳ. ಪಾಪ, ಚಳಿಯಾಗುತ್ತದೆ ಎಂದು ಮನೆಯೊಳಗೆ ಬೆಚ್ಚಗೆ ಇಡುತ್ತಾರೆ. ಬೆಳಕು ಕಡಿಮೆ, ಬಿಸಿ ಜಾಸ್ತಿ. ಸಸಿ ಸಣಕಲಾಗಿ ಉದ್ದಕ್ಕೆ ಬೆಳೆದು ಬಾಗುತ್ತದೆ, ಬೇರು ಇದ್ದಲ್ಲೇ ಇರುತ್ತದೆ. ಮೊಳೆತ ತಕ್ಷಣ ತಂಪಾದ, ತುಂಬ ಬೆಳಕಿರುವ ಜಾಗಕ್ಕೆ ಸಾಗಿಸಿ. ಮೇಲೆ ಏನೂ ಬೆಳೆಯುತ್ತಿಲ್ಲ ಅಂತ ಕಂಡರೂ ಚಿಂತೆ ಬೇಡ. ಆ ಹೊತ್ತಿನಲ್ಲಿ ಕೆಳಗೆ ಬೇರು ಬೆಳೆಯುತ್ತಿರುತ್ತದೆ, ನಮಗೆ ಬೇಕಾಗಿರುವುದೂ ಅದೇ.

ಎರಡು ಮೂರು ಜೊತೆ ಎಲೆ ಬಂದಾಗ ತುದಿ ಚಿವುಟಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಚಿವುಟಿ. ಬುಡದಿಂದ ಬರುವ ಪಕ್ಕದ ಚಿಗುರುಗಳು ಮೊದಲ ಕಾಂಡಕ್ಕಿಂತ ಗಟ್ಟಿಮುಟ್ಟಾಗಿರುತ್ತವೆ.

ಹೊರಗೆ ನೆಡುವ ಮುಂಚೆ ಒಂದು ವಾರ, ಹತ್ತು ದಿನ ಸಸಿಗಳನ್ನು ಹಗಲು ಹೊರಗಿಟ್ಟು ಗಾಳಿಗೆ ಒಗ್ಗಿಸಬೇಕು. ಹಾಗೆ ಒಗ್ಗಿದ ಸಸಿ ಸಣ್ಣಪುಟ್ಟ ಮಂಜಿಗೆ ಜಗ್ಗುವುದಿಲ್ಲ. ಜಾಗ ಬಿಸಿಲಿನದ್ದಾಗಿರಲಿ, ಬುಡ ಮಾತ್ರ ತಂಪಾಗಿರಲಿ. ಒಂದು ಗುದ್ದಲಿ ಆಳ ಅಗೆದು ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ. ಯೂರಿಯಾದಂಥ ಸಾರಜನಕದ ಗೊಬ್ಬರ ಬೇಡ. ಇದು ದ್ವಿದಳ ಜಾತಿಯ ಗಿಡ, ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಅದರ ಮೇಲೆ ನಾವೂ ಹಾಕಿದರೆ ಬರೀ ಸೊಪ್ಪು ಬೆಳೆಯುತ್ತದೆ. ಬೇರಿನ ಮಣ್ಣು ಉದುರದಂತೆ 20ರಿಂದ 30 ಸೆಂಟಿಮೀಟರ್ ಅಂತರದಲ್ಲಿ ನೆಟ್ಟು, ಬುಡಕ್ಕೆ ತರಗೆಲೆ ಅಥವಾ ಕಾಂಪೋಸ್ಟ್ ಹೊದಿಕೆ ಹಾಕಿ. ನೀರು ದಿನಾ ಚಿಮುಕಿಸುವುದಕ್ಕಿಂತ ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವಂತೆ ಕೊಡುವುದು ಮೇಲು.

ಆಸರೆಯನ್ನು ನೆಡುವ ಮುಂಚೆಯೇ ನಿಲ್ಲಿಸಿ, ಸುಮಾರು 2 ಮೀಟರ್ ಎತ್ತರ. ಎಲೆಯ ತುದಿಯಲ್ಲಿರುವ ಕುಡಿಬಳ್ಳಿಯನ್ನು ಹತ್ತಿರದಿಂದ ಗಮನಿಸಿ. ದಾರದಷ್ಟು ಸಪೂರ, ಏನಾದರೂ ತಗುಲಿದರೆ ಆ ಕಡೆಗೆ ಬಾಗಿ ಸುತ್ತಿಕೊಳ್ಳುತ್ತದೆ. ದಪ್ಪ ಬಿದಿರಿನ ಗಳುವನ್ನು ಅದು ಹಿಡಿಯಲಾರದು, ಜಾರಿ ಕೆಳಗೆ ಬೀಳುತ್ತದೆ. ಗಳುಗಳ ನಡುವೆ ದಾರವನ್ನೋ ಬಲೆಯನ್ನೋ ಕಟ್ಟಿಕೊಡಿ. ಮೊದಲ ಒಂದಡಿ ನೀವೇ ಸಡಿಲವಾಗಿ ಕಟ್ಟಿಬಿಟ್ಟರೆ ಆಮೇಲೆ ಅದೇ ದಾರಿ ಹುಡುಕಿಕೊಳ್ಳುತ್ತದೆ.

ಮೊದಮೊದಲು ಕೆಲವು ಮೊಗ್ಗು ಹಳದಿಯಾಗಿ ಉದುರಬಹುದು. ಮೋಡ ಕವಿದಾಗ, ಹಗಲು ರಾತ್ರಿಯ ತಾಪಮಾನ ತೀರಾ ಏರುಪೇರಾದಾಗ ಹೀಗಾಗುತ್ತದೆ. ಔಷಧಿ ಹೊಡೆಯಬೇಡಿ, ಹವೆ ಸರಿಯಾದರೆ ತಾನೇ ನಿಲ್ಲುತ್ತದೆ. ಎಲೆಯಲ್ಲಿ ಮಚ್ಚೆ, ಹೂವಿನ ಬಣ್ಣದಲ್ಲಿ ಒಡಕು ಗೀರು ಕಂಡರೆ ಅದು ಬೇರೆ ವಿಷಯ. ಹೆಚ್ಚಾಗಿ ಅದು ಗಿಡಹೇನುಗಳು ಹರಡುವ ವೈರಸ್. ಅಂಥ ಗಿಡವನ್ನು ಮುಲಾಜಿಲ್ಲದೆ ಕಿತ್ತುಹಾಕಿ.

ಹೂ ಬಿಡಲು ಶುರುವಾದರೆ ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು. ಒಂದು ಕಾಯಿ ಬಲಿಯಲು ಬಿಟ್ಟರೂ ಬಳ್ಳಿಯ ಗಮನ ಬೀಜದ ಕಡೆ ಹೊರಳುತ್ತದೆ, ಹೂ ಕಡಿಮೆಯಾಗುತ್ತದೆ. ತಳಿ ಆರಿಸುವಾಗಲೂ ಒಂದು ಮಾತು. ಅಲೆಅಲೆಯಾದ ದೊಡ್ಡ ಎಸಳಿನ ಸ್ಪೆನ್ಸರ್ ತಳಿಗಳು ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಬಂದವು. ನೋಡಲು ಅವೇ ಚೆಂದ. ಪರಿಮಳಕ್ಕೆ ಮಾತ್ರ ನಾನು ಈಗಲೂ ಕುಪಾನಿ ಹೆಸರಿನ ಹಳೆಯ ತಳಿಯನ್ನೇ ಹೇಳುತ್ತೇನೆ. ಹೂ ಸಣ್ಣದು, ನೇರಳೆ ಮತ್ತು ಕಡುಗೆಂಪು ಬೆರೆತದ್ದು, ಒಂದು ಹಿಡಿ ತಂದಿಟ್ಟರೆ ಇಡೀ ಕೋಣೆ ಘಮ್ಮೆನ್ನುತ್ತದೆ. ಹಗಲು ಗಿಡ್ಡವಾಗಿರುವಾಗಲೇ ಹೂ ಬೇಕು ಅನ್ನುವವರು ಚಳಿಗಾಲದಲ್ಲಿ ಹೂ ಬಿಡುವ ತಳಿಯನ್ನು ಕೇಳಿ ತರಬೇಕು. ಬೇರೆ ಎಷ್ಟೋ ತಳಿಗಳು ಹಗಲು ಉದ್ದವಾಗುವ ತನಕ ಮೊಗ್ಗು ಕಟ್ಟುವುದಿಲ್ಲ.

ಬೀಜ ಉಳಿಸಿಕೊಳ್ಳುವುದಿದ್ದರೆ ಋತುವಿನ ಕೊನೆಯಲ್ಲಿ ಚೆನ್ನಾಗಿರುವ ಒಂದೆರಡು ಬಳ್ಳಿಗಳನ್ನು ಕೊಯ್ಯದೆ ಬಿಡಿ. ಮೊಗ್ಗು ಅರಳುವ ಮುಂಚೆಯೇ ಒಳಗೊಳಗೇ ಪರಾಗಸ್ಪರ್ಶ ಆಗಿರುವುದರಿಂದ ಸಾಮಾನ್ಯವಾಗಿ ತಾಯಿಗಿಡದ ಬಣ್ಣವೇ ಬರುತ್ತದೆ. ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗಲೇ ಕಿತ್ತುಕೊಳ್ಳಿ, ತಡವಾದರೆ ಅದು ಸಿಡಿದು ಬೀಜ ಚೆಲ್ಲಿಹೋಗುತ್ತದೆ. ನೋಡಲು ಬಟಾಣಿಯ ಹಾಗೇ ಇದ್ದರೂ ಈ ಕಾಯಿ, ಬೀಜ ಎರಡೂ ವಿಷ. ಒಣಗಿಸಿ ಕಾಗದದ ಲಕೋಟೆಗೆ ಹಾಕಿ, ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ.